ತೋಡಿನ ನೀರಿಗೆ ಸುಳಿ ಟರ್ಬೈನು: ಮೊದಲ ನಕ್ಷೆಯಲ್ಲಿ ಇರಬೇಕಾದ್ದು

ತೊಟ್ಟಿಯಲ್ಲಿ ಸುತ್ತುವ ನೀರಿನಿಂದ ಕರೆಂಟು ಮಾಡುವ ಸುಳಿ ಟರ್ಬೈನಿನ ಚಿತ್ರ ಬರೆಯಲು ಕೂತವರ ಕೈಯಿಂದ ಮೊದಲು ಬರುವುದು ಒಂದು ವೃತ್ತ, ಅದರೊಳಗೆ ಸುರುಳಿ ಗೆರೆ, ನಡುವೆ ರೆಕ್ಕೆಗಳ ಚಕ್ರ, ಮೇಲಿನಿಂದ ಬಲ್ಬಿಗೆ ಹೋಗುವ ಒಂದು ತಂತಿ. ನೋಡಲು ಚಂದ. ಆದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಳಗಿನ ತೋಡಿನ, ಅಂದರೆ ಸಣ್ಣ ಹಳ್ಳದ, ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಗೆರೆ ಆ ಚಿತ್ರದಲ್ಲಿ ಇರುವುದಿಲ್ಲ. ಕಾಸರಗೋಡಿನ ಅಡಕೆ ತೋಟಗಳ ನಡುವೆ ಹರಿಯುವ ತೋಡುಗಳಲ್ಲಿ ಈ ಯಂತ್ರ ನಡೆಯುವುದೋ ನಿಲ್ಲುವುದೋ ಎಂದು ತೀರ್ಮಾನಿಸುವುದು ಆ ಗೆರೆಯೇ.

ಯಂತ್ರದ ತತ್ವ ಸರಳ. ತೋಡಿನಿಂದ ಒಂದು ಪಕ್ಕದ ಕಾಲುವೆ ತೆಗೆದು ನೀರನ್ನು ಉರುಟು ತೊಟ್ಟಿಯ ಗೋಡೆಯನ್ನು ಸವರಿಕೊಂಡು ಹೋಗುವಂತೆ ಒಳಗೆ ಬಿಡುತ್ತಾರೆ. ತೊಟ್ಟಿಯ ತಳದ ನಡುವೆ ಒಂದು ತೂತು. ನೀರು ಸುತ್ತುತ್ತಾ ನಡುವಿಗೆ ಬಂದಷ್ಟೂ ವೇಗ ಹೆಚ್ಚುತ್ತದೆ, ಮಧ್ಯದಲ್ಲಿ ಗಾಳಿಯ ಕೊಳವೆಯಂಥ ಕುಳಿ ಬೀಳುತ್ತದೆ. ಅಲ್ಲಿ ನೆಟ್ಟಗೆ ಇಳಿಬಿಟ್ಟ ದಂಡದ ತುದಿಯ ಚಕ್ರವನ್ನು ಆ ನೀರು ತಿರುಗಿಸುತ್ತದೆ. ಆಸ್ಟ್ರಿಯಾದ ಫ್ರಾಂಝ್ ಝೋಟ್ಲೋಟರರ್ ಎಂಬ ಎಂಜಿನಿಯರು ನೀರಿಗೆ ಗಾಳಿ ಬೆರೆಸುವ ಉಪಾಯ ಹುಡುಕುತ್ತಿದ್ದಾಗ ಈ ದಾರಿ ಹಿಡಿದರು. 2005ರ ಸುಮಾರಿಗೆ ಓಬರ್‌ಗ್ರಾಫೆನ್‌ಡೋರ್ಫ್‌ನಲ್ಲಿ ಅವರು ಕಟ್ಟಿದ ಘಟಕಕ್ಕೆ 1.5 ಮೀಟರ್ ಬೀಳು (ನೀರು ಇಳಿಯುವ ಎತ್ತರ) ಇದೆ, ಸೆಕೆಂಡಿಗೆ ಸುಮಾರು 900 ಲೀಟರ್ ನೀರು, ಐದು ಮೀಟರಿಗಿಂತ ಅಗಲದ ತೊಟ್ಟಿ, ಸುಮಾರು 8 ಕಿಲೋವಾಟ್ ಉತ್ಪತ್ತಿ. ಈ ಅಂಕಿಗಳನ್ನು ಒಟ್ಟಿಗೆ ಓದಬೇಕು. 8 ಕಿಲೋವಾಟ್ ಮಾತ್ರ ನೆನಪಿಟ್ಟು 900 ಲೀಟರ್ ಮರೆತವರೇ ಹೆಚ್ಚು.

ಇದೇ ಆಸ್ಟ್ರಿಯಾದಲ್ಲಿ ಅದಕ್ಕೂ ಮೊದಲು ವಿಕ್ಟರ್ ಶೌಬರ್ಗರ್ (1885-1958) ಎಂಬ ಅರಣ್ಯಾಧಿಕಾರಿ ಇದ್ದರು. ಸುರುಳಿ ಕೊಳವೆಗಳ ನಕ್ಷೆಗಳನ್ನು ರಾಶಿಗಟ್ಟಲೆ ಬರೆದವರು. ಸುಳಿಯೊಳಗೇ ವಿಶೇಷ ಶಕ್ತಿ ಅಡಗಿದೆ ಎಂಬ ಮಾತು ಅವರ ಹೆಸರಿನ ಜೊತೆ ಇಂದಿಗೂ ತಿರುಗುತ್ತಿದೆ. ಸುಳಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ನೀರು ಎಷ್ಟು ಎತ್ತರದಿಂದ ಇಳಿಯಿತು, ಎಷ್ಟು ನೀರು ಇಳಿಯಿತು, ಇವೆರಡರ ಗುಣಲಬ್ಧದಾಚೆಗೆ ಒಂದು ವಾಟ್ ಕೂಡ ಸಿಗದು. ಉತ್ತರಾರ್ಧಗೋಳದಲ್ಲಿ ಸುಳಿ ಒಂದೇ ದಿಕ್ಕಿಗೆ ತಿರುಗಬೇಕು ಎಂಬುದೂ ಅಂಥದ್ದೇ ಕಥೆ. ಈ ಗಾತ್ರದ ತೊಟ್ಟಿಯಲ್ಲಿ ಭೂಮಿಯ ತಿರುಗುವಿಕೆ ಲೆಕ್ಕಕ್ಕೇ ಬಾರದು. ಕಾಲುವೆ ಯಾವ ಕಡೆಯಿಂದ ಸೇರುತ್ತದೋ ಸುಳಿ ಆ ಕಡೆಗೆ ತಿರುಗುತ್ತದೆ.

ಲೆಕ್ಕ ಹೀಗೆ: ಸೆಕೆಂಡಿಗೆ ಎಷ್ಟು ಲೀಟರ್, ಅದನ್ನು ಬೀಳಿನ ಮೀಟರಿನಿಂದ ಗುಣಿಸಿ, ಮತ್ತೆ 9.81ರಿಂದ ಗುಣಿಸಿದರೆ ನೀರಿನಲ್ಲಿರುವ ವಾಟ್ ಸಿಗುತ್ತದೆ. 45 ಲೀಟರ್, 1.2 ಮೀಟರ್ ಎಂದರೆ 530 ವಾಟ್. ಸಣ್ಣ ಸುಳಿ ಟರ್ಬೈನಿನ ದಂಡಕ್ಕೆ ಇದರಲ್ಲಿ ಶೇ. 30ರಿಂದ 40 ಬಂದರೆ ಒಳ್ಳೆಯ ಕೆಲಸವೆನ್ನಬೇಕು. 200 ವಾಟ್ ಅನ್ನಿ. ಬೆಲ್ಟಿನಲ್ಲಿ ಹತ್ತನೇ ಒಂದು ಪಾಲು, ಜನರೇಟರಿನಲ್ಲಿ ಐದನೇ ಒಂದು ಪಾಲು ಹೋದ ಮೇಲೆ ಕೈಗೆ ಬರುವುದು 145 ವಾಟ್. ಕಡಿಮೆ ಅನಿಸಬಹುದು. ಆದರೆ ಹಗಲೂ ರಾತ್ರಿಯೂ ಓಡಿದರೆ ದಿನಕ್ಕೆ ಮೂರೂವರೆ ಯೂನಿಟ್. ಒಳ್ಳೆಯ ಬಿಸಿಲಿನಲ್ಲಿ 1 ಕಿಲೋವಾಟ್ ಸೋಲಾರ್ ಕೊಡುವ ನಾಲ್ಕು ಯೂನಿಟಿಗೆ ಇದು ಹತ್ತಿರ. ಅದೂ ಸೋಲಾರ್ ಹಲಗೆಗಳು ಸಪ್ಪೆಯಾಗಿ ಕೂತಿರುವ, ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವ ಮಳೆಗಾಲದ ದಿನಗಳಲ್ಲಿ.

ಸುಳಿಯೋ, ಪೈಪೋ

ನಕ್ಷೆಗೆ ಮೊದಲು ಈ ಪ್ರಶ್ನೆ ಮುಗಿಯಬೇಕು. ನಮ್ಮ ಊರುಗಳ ನೆಲ ಎರಡು ತರ. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ, ಕೆಳಗೆ ತೋಟ ಮತ್ತು ಬಯಲು. ಬಾಯಾರು, ಪೈವಳಿಕೆ, ಪೆರ್ಲದ ಕಡೆ ಗುಡ್ಡೆಯ ಬದಿಯಿಂದ ಮಳೆಗಾಲದಲ್ಲಿ ಸಣ್ಣ ಒರತೆ ಝರಿಗಳು ಕಡಿದಾಗಿ ಇಳಿಯುತ್ತವೆ. ಅಂಥ ಕಡೆ ಸೆಕೆಂಡಿಗೆ ಬರೇ 2 ಲೀಟರ್ ನೀರು 40 ಮೀಟರ್ ಇಳಿದರೆ 785 ವಾಟ್ ಆಗುತ್ತದೆ, ಅಂದರೆ 45 ಲೀಟರಿನ ತೋಡಿಗಿಂತ ಹೆಚ್ಚು! ಅಲ್ಲಿ ಸುಳಿ ಬೇಡ. ಪೈಪಿನ ತುದಿಗೆ ಜೆಟ್ (ಕಿರಿದಾದ ಮೂತಿ) ಇಟ್ಟು ಬಟ್ಟಲಿನಂಥ ರೆಕ್ಕೆಗಳ ಚಿಕ್ಕ ಪೆಲ್ಟನ್ ಚಕ್ರ ತಿರುಗಿಸಿದರೆ 350 ವಾಟಿನ ಹತ್ತಿರ ಸಿಗುತ್ತದೆ. ಎಡವುವುದು ಪೈಪಿನ ಗಾತ್ರದಲ್ಲಿ. ಆ 2 ಲೀಟರನ್ನು 63 ಮಿಮೀ ಪಿವಿಸಿಯಲ್ಲಿ ತಂದರೆ 100 ಮೀಟರ್ ಉದ್ದಕ್ಕೆ ಸುಮಾರು 1 ಮೀಟರ್ ಬೀಳು ತಿಕ್ಕಾಟದಲ್ಲಿ ಹೋಗುತ್ತದೆ. 50 ಮಿಮೀಯಲ್ಲಿ 3 ಮೀಟರ್. 40 ಮಿಮೀಯಲ್ಲಿ 10 ಮೀಟರ್. ಸ್ಪ್ರಿಂಕ್ಲರಿಗೆ ಹಾಕಿದ ಹಳೆಯ ಪೈಪು ಮನೆಯಲ್ಲಿದೆ ಎಂದು ಅದನ್ನೇ ಜೋಡಿಸಿದವರ ಟರ್ಬೈನು ತೂಕಡಿಸುವುದು ಇದರಿಂದ.

ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೂ ಇದಕ್ಕೆ ಎಳೆಯುವ ಆಸೆ ಕೆಲವರಿಗೆ ಬರುತ್ತದೆ. 20 ಲೀಟರಿನ ಬಕೆಟು ತುಂಬಲು 40 ಸೆಕೆಂಡು ಬೇಕಾದರೆ ಅದು ಸೆಕೆಂಡಿಗೆ ಅರ್ಧ ಲೀಟರ್. 10 ಮೀಟರ್ ಇಳಿಸಿದರೂ 49 ವಾಟ್, ಕೈಗೆ ಬರುವುದು 20. ಆ ನೀರು ಕುಡಿಯಲಿಕ್ಕೆ ಇರಲಿ.

ಸುಳಿ ಹೊಂದುವುದು ಬೀಳು 0.7ರಿಂದ 2 ಮೀಟರ್ ಇದ್ದು ನೀರು ಧಾರಾಳ ಇರುವಲ್ಲಿ. ಇಂಥ ಬೀಳು ಎಂದ ತಕ್ಷಣ ಇಲ್ಲಿ ಎಲ್ಲರಿಗೂ ಹೊಳೆಯುವುದು ಕಟ್ಟ. ಏತಡ್ಕದ ಸುತ್ತ ಇಂದಿಗೂ ನಡೆದುಬಂದಿರುವ ಈ ತಾತ್ಕಾಲಿಕ ಅಡ್ಡಗಟ್ಟೆಗಳಿಂದ ಸುಳಿಗೆ ಬೇಕಾದ ಎತ್ತರ ಸಿಗುತ್ತದೆ ನಿಜ. ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಕಟ್ಟ ಹಾಕುವುದು ಮಳೆ ಬಿಟ್ಟು ತೋಡಿನ ಹರಿವು ಇಳಿದ ಮೇಲೆ. ಆಗ ಇದ್ದ ನೀರನ್ನೆಲ್ಲ ನಿಲ್ಲಿಸಿ ಇಂಗಿಸುವುದೇ ಅದರ ಉದ್ದೇಶ. ಹರಿವು ಜೋರಿರುವ ಜೂನ್‌ನಿಂದ ನವೆಂಬರ್‌ವರೆಗೆ ಕಟ್ಟ ಇರುವುದೇ ಇಲ್ಲ. ನೀರಿರುವಾಗ ಎತ್ತರ ಇಲ್ಲ, ಎತ್ತರ ಇರುವಾಗ ನೀರಿಲ್ಲ. ಹಾಗಾಗಿ ಸುಳಿಗೆ ಬೇಕಾದ್ದು ಕಾಂಕ್ರೀಟಿನ ಶಾಶ್ವತ ಚೆಕ್‌ಡ್ಯಾಂ ಅಥವಾ ಬಂಡೆಯಿಂದ ತಾನಾಗಿ ಇಳಿಯುವ ಜಾಗ, ಮತ್ತು ಅದರ ಪಕ್ಕದಲ್ಲಿ ತೊಟ್ಟಿ ಕೂರಿಸುವಷ್ಟು ದಂಡೆ. ತೋಡು ಒಬ್ಬರ ಸೊತ್ತಲ್ಲ. ಪಂಚಾಯತಿನ ಒಪ್ಪಿಗೆ ಬೇಕು, ಕೆಳಗಿನ ತೋಟದವರ ಜೊತೆ ಮಾತಾಗಬೇಕು. ತೆಗೆದ ನೀರು ಅದೇ ತೋಡಿಗೆ ಎಷ್ಟು ಕೆಳಗೆ ಮರಳುತ್ತದೆ ಎಂದು ನಕ್ಷೆಯಲ್ಲೇ ತೋರಿಸಿದರೆ ಆ ಮಾತು ಸುಲಭವಾಗುತ್ತದೆ.

ನೀರಿನ ಅಳತೆ

ಹರಿವನ್ನು ಕಣ್ಣಂದಾಜಿನಲ್ಲಿ ಬರೆದ ನಕ್ಷೆ ನಕ್ಷೆಯೇ ಅಲ್ಲ. ಮಳೆಗಾಲದ ತೋಡು ಕಣ್ಣಿಗೆ ಯಾವತ್ತೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ದಪ್ಪ ಪ್ಲೈವುಡ್ ಹಲಗೆಯ ಮೇಲಂಚಿನಲ್ಲಿ ಸರಿಯಾಗಿ 90 ಡಿಗ್ರಿಯ ವಿ ಆಕಾರ ಕೊರೆದು, ಅಂಚನ್ನು ತೆಳ್ಳಗೆ ಮಾಡಿ, ಪಕ್ಕದ ಕಾಲುವೆಗೆ ಅಡ್ಡ ನಿಲ್ಲಿಸಿ. ಬದಿ, ಅಡಿಗಳಿಂದ ಸೋರದಂತೆ ಮಣ್ಣು ಮೆತ್ತಿ. ಹಲಗೆಯಿಂದ ಒಂದು ಮೀಟರ್ ಹಿಂದೆ ಒಂದು ಗೂಟ ಹೊಡೆದು, ವಿ ಬುಡದ ಮಟ್ಟವನ್ನು ಅದರ ಮೇಲೆ ಗುರುತಿಸಿ. ಆ ಗುರುತಿನ ಮೇಲೆ ನೀರು 10 ಸೆಂಮೀ ಇದ್ದರೆ ಸೆಕೆಂಡಿಗೆ 4.4 ಲೀಟರ್, 20 ಸೆಂಮೀಗೆ 25, 25 ಸೆಂಮೀಗೆ 43, 30 ಸೆಂಮೀಗೆ 68 ಲೀಟರ್. ಎತ್ತರ ಇಮ್ಮಡಿಯಾದರೆ ಹರಿವು ಐದೂವರೆ ಪಟ್ಟಿಗೂ ಹೆಚ್ಚಾಗುವುದನ್ನು ಗಮನಿಸಿ. ಹಲಗೆಯ ಬಾಯಿಯಲ್ಲೇ ಅಳೆದರೆ ನೀರು ಅಲ್ಲಿ ಬಾಗಿರುತ್ತದೆ, ಲೆಕ್ಕ ತೀರಾ ಕೆಳಗೆ ಬರುತ್ತದೆ.

ಹಲಗೆ ನಿಲ್ಲದಷ್ಟು ದೊಡ್ಡ ತೋಡಾದರೆ ತೇಲಿಸುವ ಉಪಾಯ ಇದೆ. 10 ಮೀಟರ್ ನೇರ ಹರಿವು ಹುಡುಕಿ, ಅರ್ಧ ಮುಳುಗುವ ಯಾವುದಾದರೂ ವಸ್ತು ಬಿಡಿ. ಹಸಿ ಅಡಕೆ ಸಾಕು. 20 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಗಲ 1.2 ಮೀ, ಸರಾಸರಿ ಆಳ 0.2 ಮೀ ಇದ್ದರೆ ಗುಣಿಸಿ 120 ಲೀಟರ್ ಎನ್ನಬಾರದು. ಕಲ್ಲು ಕಸದ ತಳಕ್ಕೆ 0.65ರಿಂದ ಗುಣಿಸಿ 78 ಲೀಟರ್ ಎನ್ನಬೇಕು. ಪತ್ತನಾಜೆಯಿಂದ (ಮೇ ಕೊನೆ) ದೀಪಾವಳಿಯ ಆಚೆವರೆಗೆ ವಾರಕ್ಕೊಮ್ಮೆಯಾದರೂ ಅಳೆದ ಪಟ್ಟಿ ಇರಲಿ. ಯಂತ್ರವನ್ನು ಯೋಜಿಸಬೇಕಾದ್ದು ಆ ಪಟ್ಟಿಯ ದೊಡ್ಡ ಅಂಕಿಗಲ್ಲ, ಬಹುಪಾಲು ದಿನ ಸಿಗುವ ಅಂಕಿಗೆ.

ಒಂದನೇ ಹಾಳೆ: ಉದ್ದ ಸೀಳಿದ ಚಿತ್ರ

ಮೊದಲ ಚಿತ್ರ ಮೇಲಿನಿಂದ ಕಂಡದ್ದಲ್ಲ, ಬದಿಯಿಂದ ಸೀಳಿ ತೋರಿಸಿದ್ದಾಗಿರಬೇಕು. ಮಟ್ಟ ಹಿಡಿಯಲು ಮೇಸ್ತ್ರಿಗಳ ಪಾರದರ್ಶಕ ಲೆವೆಲ್ ಪೈಪೇ ಸಾಕು; ಒಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿದರಾಯಿತು. ಒಂದು ಜಾಗದಲ್ಲಿ ಮೇಲಿನ ನೀರಿನ ಮಟ್ಟ, ಕಾಲುವೆಯ ತಳ, ತೊಟ್ಟಿಯ ತಳ, ಕೆಳಗೆ ನೀರು ಮರಳಿ ಸೇರುವ ಮಟ್ಟ ಇವನ್ನೆಲ್ಲ ಒಂದೇ ಆಧಾರಬಿಂದುವಿನಿಂದ ಬರೆಯಿರಿ. ಕೆಳಗಿನ ಮಟ್ಟಕ್ಕೆ ಮೂರು ಗೆರೆ ಬೇಕು: ನವೆಂಬರಿನ ಮಟ್ಟ, ಮಳೆಗಾಲದ ಸಾಮಾನ್ಯ ದಿನದ ಮಟ್ಟ, ದೊಡ್ಡ ನೆರೆಯ ಮಟ್ಟ. ಮೂರನೆಯದನ್ನು ಯಾರನ್ನೂ ಕೇಳಬೇಕಿಲ್ಲ. ದಂಡೆಯ ಪೊದೆಗಳಲ್ಲಿ ಸಿಕ್ಕಿಕೊಂಡ ಸೋಗೆ, ಚಿಂದಿಗಳ ಎತ್ತರ ನೋಡಿದರೆ ಗೊತ್ತಾಗುತ್ತದೆ.

ಒಟ್ಟು ಇಳಿತ 1.5 ಮೀಟರ್ ಎಂದುಕೊಳ್ಳಿ. ಸುಳಿಗೆ 1.2 ಮೀಟರ್ ಕೊಟ್ಟು, ತಳದ ತೂತಿನ ಕೆಳಗೆ 0.3 ಮೀಟರ್ ಖಾಲಿ ಬಿಡಬೇಕು. ಲಾಭದಾಸೆಗೆ ಆ 0.3 ಮೀಟರನ್ನೂ ನುಂಗಿದರೆ ಕೆಳಗಿನ ನೀರು ಒಂದಿಷ್ಟು ಏರಿದ ಕೂಡಲೇ ತೂತು ಮುಳುಗುತ್ತದೆ. ತೂತು ಮುಳುಗಿದರೆ ನಡುವಿನ ಗಾಳಿಕುಳಿ ಮುಚ್ಚುತ್ತದೆ, ಸುಳಿ ಸಡಿಲುತ್ತದೆ, ತೊಟ್ಟಿ ಉಕ್ಕುತ್ತದೆ. ನೆರೆಯ ದಿನ ಮೇಲಿನ ನೀರು ಒಂದು ಅಡಿ ಏರಿದರೆ ಕೆಳಗಿನದು ಮೂರು ಅಡಿ ಏರುವ ಇಕ್ಕಟ್ಟಾದ ತೋಡುಗಳಿವೆ. ನೀರು ಅತಿ ಹೆಚ್ಚಿರುವ ದಿನವೇ ಕರೆಂಟು ಇಲ್ಲ ಎಂದು ಅಚ್ಚರಿಪಡುವವರ ನಕ್ಷೆಯಲ್ಲಿ ಈ ಗೆರೆ ಇದ್ದಿರಲಿಲ್ಲ, ಅಷ್ಟೇ.

ಎರಡನೇ ಹಾಳೆ: ತೊಟ್ಟಿ

ಇಲ್ಲಿ ಬಾವಿಗೆ ಇಳಿಸುವ ನಾಲ್ಕು ಅಡಿಯ ಕಾಂಕ್ರೀಟ್ ರಿಂಗುಗಳು ಸಿಗುತ್ತವೆ. ಒಳ ಅಗಲ 1.2 ಮೀಟರ್. ಒಂದರ ಮೇಲೊಂದು ಕೂರಿಸಿ ಸಂದಿಗೆ ಸಿಮೆಂಟು ತುಂಬಿದರೆ ತೊಟ್ಟಿಯ ಹೊರಮೈ ಸಿದ್ಧ. ಮುರಕಲ್ಲಿನಲ್ಲಿ ಉರುಟಾಗಿ ಕಟ್ಟುವುದಕ್ಕಿಂತ ಇದು ಅಗ್ಗ, ಸೋರುವುದೂ ಕಡಿಮೆ. ತಳದ ತೂತು ತೊಟ್ಟಿಯ ಅಗಲದ ಶೇ. 14ರಿಂದ 18ರ ಒಳಗಿರಬೇಕು ಎಂಬುದು ಪ್ರಯೋಗಗಳಿಂದ ಸಿಕ್ಕಿದ ಸೂತ್ರ. ಬೀಳು ಕಡಿಮೆಯಾದರೆ 14ರ ಕಡೆ, ಹೆಚ್ಚಾದರೆ 18ರ ಕಡೆ. ಶೇ. 16 ಹಿಡಿದರೆ 190 ಮಿಮೀ.

ಈ ತೂತಿನಲ್ಲಿ ಎಷ್ಟು ನೀರು ಹೋಗುತ್ತದೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. 1.2 ಮೀಟರ್ ನೀರಿನಡಿ 190 ಮಿಮೀ ತೂತಿನಿಂದ ಸುಳಿಯಿಲ್ಲದೆ ಸೆಕೆಂಡಿಗೆ 80 ಲೀಟರಿಗೂ ಹೆಚ್ಚು ಹೊರಡುತ್ತದೆ. ಬಲವಾದ ಸುಳಿ ಎದ್ದಾಗ ತೂತಿನ ನಡುಭಾಗವನ್ನು ಗಾಳಿ ಆಕ್ರಮಿಸುತ್ತದೆ, ನೀರಿಗೆ ಉಳಿಯುವುದು ಸುತ್ತಲಿನ ಬಳೆಯಷ್ಟೇ ಜಾಗ. ಹರಿವು 45 ಲೀಟರಿನ ಆಸುಪಾಸಿಗೆ ಇಳಿಯುತ್ತದೆ. ಸುಳಿಯಿಲ್ಲದ ಸೂತ್ರ ಹಿಡಿದು 80 ಲೀಟರ್ ಬಿಟ್ಟರೆ ತೊಟ್ಟಿ ತುಂಬಿ ಹೊರಚೆಲ್ಲುತ್ತದೆ. ಆದ್ದರಿಂದ ಕಾಲುವೆಯ ಬದಿಯಲ್ಲಿ ಹೆಚ್ಚಿನ ನೀರು ತೋಡಿಗೇ ಮರಳುವ ಒಂದು ತಗ್ಗು ಬಾಯಿ, ಕಾಲುವೆಯ ತಲೆಯಲ್ಲಿ ಎತ್ತಿ ಇಳಿಸುವ ಹಲಗೆ, ಎರಡೂ ನಕ್ಷೆಯಲ್ಲಿರಲಿ.

ಕಾಲುವೆ ತೊಟ್ಟಿಯನ್ನು ಸೇರುವ ಜಾಗವನ್ನು ದೊಡ್ಡದಾಗಿ ಬೇರೆ ಬರೆಯಿರಿ. ಕಾಲುವೆಯ ಹೊರಗೋಡೆ ತೊಟ್ಟಿಯ ಗೋಡೆಗೆ ಸ್ಪರ್ಶರೇಖೆಯಂತೆ ಸೇರಬೇಕು, ಮೂಲೆ ಇರಕೂಡದು. ಮೇಸ್ತ್ರಿ ಕಾಲುವೆಯ ನಡುಗೆರೆಯನ್ನು ತೊಟ್ಟಿಯ ನಡುವಿಗೆ ಹಿಡಿದುಬಿಟ್ಟರೆ ಕೆಲಸ ಕೆಟ್ಟಿತು; ನೀರು ಎರಡೂ ಕಡೆ ಹಂಚಿ ಸುಳಿಯೇ ಏಳುವುದಿಲ್ಲ. 25 ಸೆಂಮೀ ಅಗಲ, 36 ಸೆಂಮೀ ಆಳದ ನೀರು ಎಂದರೆ 45 ಲೀಟರಿಗೆ ಅರ್ಧ ಮೀಟರ್ ವೇಗ ಸಿಗುತ್ತದೆ. ಒಳಗೋಡೆಯನ್ನು ಕೊನೆಯ ಒಂದು ಮೀಟರಿನಲ್ಲಿ ಹೊರಗೋಡೆಯತ್ತ ನಿಧಾನಕ್ಕೆ ಸರಿಸಿ ಬಾಯಿ ಕಿರಿದುಮಾಡಿದರೆ ವೇಗ ಇನ್ನಷ್ಟು.

ಬರೇ ಉರುಟು ತೊಟ್ಟಿಗಿಂತ ಕೆಳಗೆ ಕಿರಿದಾಗುವ ಲಾಳಿಕೆಯಂಥ ತೊಟ್ಟಿ ಉತ್ತಮ ಎಂದು ನೇಪಾಳದಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಚಕ್ರಕ್ಕೆ ಒಳ್ಳೆಯ ಜಾಗ ಮೇಲಿನಿಂದ ಶೇ. 65ರಿಂದ 75ರಷ್ಟು ಆಳದಲ್ಲಿ ಎಂಬುದೂ ಅದೇ ಪ್ರಯೋಗಗಳಿಂದ ಬಂದದ್ದು. ರಿಂಗಿನೊಳಗೆ ಕೋಳಿಬಲೆ ಕಟ್ಟಿ, ಕೆಳಗಿನ ಅರ್ಧಕ್ಕೆ 25 ಮಿಮೀ ದಪ್ಪ ಸಿಮೆಂಟು ಗಾರೆಯಲ್ಲಿ ಆ ಆಕಾರ ಎಬ್ಬಿಸಬಹುದು. ಬಲೆಯ ಹಿಂದಿನ ಖಾಲಿ ಜಾಗಕ್ಕೆ ಜಲ್ಲಿ ಕಾಂಕ್ರೀಟು ತುಂಬದೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಬಿರುಕು.

ಕಸದ ಮಾತು. ಅಡಕೆ ಹಾಳೆ, ಸೋಗೆ, ತೆಂಗಿನ ಮಡಲು, ಗೇರೆಲೆ, ಪ್ಲಾಸ್ಟಿಕ್ಕು, ಎಲ್ಲವೂ ತೋಡಿನಲ್ಲಿ ಬರುತ್ತವೆ. ಸುಳಿ ಟರ್ಬೈನು ಕಸ ಸಹಿಸುತ್ತದೆ ಎನ್ನುವುದು ಎಲೆಗಳ ಮಟ್ಟಿಗೆ ಸರಿ, ಹಾಳೆಗಲ್ಲ. 190 ಮಿಮೀ ತೂತಿಗೆ ಒಂದು ಹಾಳೆ ಅಡ್ಡ ಕೂತರೆ ಮುಗಿಯಿತು. 30ರಿಂದ 40 ಮಿಮೀ ಸಂದಿಯ ಕಬ್ಬಿಣದ ಸರಳು ಜಾಲರಿಯನ್ನು 60 ಡಿಗ್ರಿ ಓರೆಯಾಗಿ ಇಟ್ಟರೆ ಕೊಕ್ಕೆಯಿಂದ ಮೇಲಕ್ಕೆಳೆಯಲು ಸುಲಭ. ಜಾಲರಿಯ ಮುಂದೆ ಮಣ್ಣು ಮರಳು ಕೂರಲು ಒಂದು ಗುಂಡಿ, ಅದನ್ನು ತೊಳೆದುಬಿಡಲು ಒಂದು ಬಿರಡೆ.

ಮೂರನೇ ಹಾಳೆ: ದಂಡ, ಜನರೇಟರು, ತಂತಿ

ಗೋಡೆಯ ಬಳಿ ಅರ್ಧ ಮೀಟರ್ ವೇಗದಲ್ಲಿ ಸುತ್ತುವ ನೀರು, ನಡುವಿನಿಂದ 12 ಸೆಂಮೀ ದೂರಕ್ಕೆ ಬರುವಾಗ ಸೆಕೆಂಡಿಗೆ 2.3 ಮೀಟರಿನಷ್ಟಾಗುತ್ತದೆ. ಚಕ್ರದ ರೆಕ್ಕೆತುದಿ ಅದರ ಅರ್ಧ ವೇಗದಲ್ಲಿ ಓಡಿದಾಗ ಹೆಚ್ಚು ಶಕ್ತಿ ಸಿಗುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 90 ಸುತ್ತು. ಮಾರುಕಟ್ಟೆಯ ಜನರೇಟರುಗಳಲ್ಲಿ ಹೆಚ್ಚಿನವು ಈ ವೇಗಕ್ಕೆ ಏನೂ ಕೊಡಲಾರವು. ಕಡಿಮೆ ಸುತ್ತಿನ ಶಾಶ್ವತ ಅಯಸ್ಕಾಂತದ ಜನರೇಟರು ಬೇಕು, ಇಲ್ಲವೇ ಒಂದಕ್ಕೆ ಐದರ ಬೆಲ್ಟು. ಹಳೆಯ ಕಾರಿನ ಆಲ್ಟರ್ನೇಟರು ಹಾಕುವ ಯೋಚನೆ ಬಿಡುವುದು ಒಳ್ಳೆಯದು. ಅದಕ್ಕೆ ಸಾವಿರಕ್ಕೂ ಮೀರಿದ ಸುತ್ತು ಬೇಕು, ತನ್ನ ಕಾಯಿಲ್ ಎಬ್ಬಿಸಲು ಅದೇ ಒಂದಿಷ್ಟು ವಾಟ್ ತಿನ್ನುತ್ತದೆ.

ರೆಕ್ಕೆ ಐದೋ ಆರೋ ಸಾಕು, 2ರಿಂದ 3 ಮಿಮೀ ತಗಡು. ರೆಕ್ಕೆ ಹೆಚ್ಚಿದಷ್ಟೂ ಶಕ್ತಿ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯದು. ಹತ್ತು ಹನ್ನೆರಡು ರೆಕ್ಕೆ ಹಾಕಿದರೆ ಚಕ್ರವೇ ಸುಳಿಯನ್ನು ಒಡೆಯುತ್ತದೆ. ಬೇರಿಂಗುಗಳು ಎರಡೂ ನೀರಿನ ಮೇಲೆಯೇ ಇರಲಿ, ಉಕ್ಕಿನ ಅಡ್ಡತೊಲೆಗೆ ಬಿಗಿದು, ಒಂದರಿಂದೊಂದು 30 ಸೆಂಮೀ ಆದರೂ ದೂರ. ದಂಡ 35 ಮಿಮೀ. ತೆಳ್ಳಗಾದರೆ ಕೆಳತುದಿ ಅಲುಗುತ್ತದೆ, ಬೇರಿಂಗು ಸವೆಯುತ್ತದೆ, ಮೇಲಿನ ಬೆಲ್ಟು ಕಳಚುತ್ತದೆ.

ವಿದ್ಯುತ್ತಿನ ಕಡೆ ಅತಿ ಸಾಮಾನ್ಯ ತಪ್ಪು ಸೋಲಾರ್ ಚಾರ್ಜ್ ಕಂಟ್ರೋಲರನ್ನು ಇದಕ್ಕೆ ಜೋಡಿಸುವುದು. ಬ್ಯಾಟರಿ ತುಂಬಿದಾಗ ಅದು ಸಂಪರ್ಕ ಕಡಿಯುತ್ತದೆ. ಸೋಲಾರ್ ಹಲಗೆಗೆ ಅದರಿಂದ ತೊಂದರೆಯಿಲ್ಲ. ಟರ್ಬೈನಿಗೆ ಹೊರೆ ಒಮ್ಮೆಲೇ ತಪ್ಪಿದರೆ ಸುತ್ತು ಸುಮಾರು ಇಮ್ಮಡಿಗೆ ಏರುತ್ತದೆ, ವೋಲ್ಟೇಜೂ ಅದರ ಹಿಂದೆ ಏರಿ ಕಂಟ್ರೋಲರನ್ನೇ ಸುಡುತ್ತದೆ. ಬೇಕಾದ್ದು ಹೆಚ್ಚಿನ ಶಕ್ತಿಯನ್ನು ಒಂದು ಹೀಟರ್ ಸುರುಳಿಗೆ ತಿರುಗಿಸುವ ಬಗೆಯ ಕಂಟ್ರೋಲರು. ಆ ಸುರುಳಿಯನ್ನು ಬಚ್ಚಲಿನ ನೀರಿನ ಡ್ರಮ್ಮಿನಲ್ಲಿಟ್ಟರೆ ಆ ಶಕ್ತಿಯೂ ವ್ಯರ್ಥವಲ್ಲ.

ತೋಡಿನಿಂದ ಮನೆಗೆ 100 ಮೀಟರ್ ಇದ್ದರೆ ತಂತಿಯ ಲೆಕ್ಕ ಬರೆಯದೆ ಹಾಳೆ ಮುಗಿಸಬೇಡಿ. 145 ವಾಟನ್ನು 24 ವೋಲ್ಟಿನಲ್ಲಿ 2.5 ಚದರ ಮಿಮೀ ತಾಮ್ರದಲ್ಲಿ ತಂದರೆ ಹೋಗಿ ಬರುವ 200 ಮೀಟರಿನಲ್ಲಿ 9 ವೋಲ್ಟ್ ಸೋರಿಹೋಗುತ್ತದೆ, ಮೂರನೇ ಒಂದು ಪಾಲಿಗಿಂತ ಹೆಚ್ಚು. 48 ವೋಲ್ಟಿಗೆ ಏರಿಸಿ 6 ಚದರ ಮಿಮೀ ಹಾಕಿದರೆ ನಷ್ಟ ಶೇ. 4. ತುಲಾವರ್ಷದ (ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆಯ) ಗುಡುಗು ಮಿಂಚು ಈ ಉದ್ದ ತಂತಿಯನ್ನು ಹುಡುಕಿಕೊಂಡು ಬರುತ್ತದೆ. ಎರಡೂ ತುದಿಯಲ್ಲಿ ಮಿಂಚುರಕ್ಷಕ ಮತ್ತು ಅರ್ಥಿಂಗ್ ಬೇಕು. ಮುರಕಲ್ಲಿನ ಒಣ ನೆಲದಲ್ಲಿ ಅರ್ಥ್ ಸರಿಯಾಗಿ ಹಿಡಿಯದು, ತೋಡಿನ ಬದಿಯ ತೇವದಲ್ಲೇ ಗುಂಡಿ ತೆಗೆಯಿರಿ.

ರಿಂಗಿಗೆ ಮೊದಲು ಡ್ರಮ್ಮು

200 ಲೀಟರಿನ ನೀಲಿ ಡ್ರಮ್ಮಿನ ಅಗಲ 58 ಸೆಂಮೀ. ನಮ್ಮ ತೊಟ್ಟಿಯ ಅರ್ಧ ಅಳತೆಗೆ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. ತಳಕ್ಕೆ 93 ಮಿಮೀ ತೂತು, ಬದಿಗೆ ಸ್ಪರ್ಶರೇಖೆಯಲ್ಲಿ ಒಂದು ತಗಡಿನ ಕಾಲುವೆ, ನೀರು 60 ಸೆಂಮೀ. ಉದ್ದ ಅರ್ಧವಾದಾಗ ಹರಿವು 5.7ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 8 ಲೀಟರ್ ಸಾಕು. ತೋಟದ ಪಂಪು ಅಷ್ಟು ಕೊಡುತ್ತದೆಯೇ ಎಂದು ಬಕೆಟಿನಿಂದ ನೋಡಿಕೊಳ್ಳಿ. ಶಕ್ತಿ 11ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುತ್ತು ಮಾತ್ರ ಏರುತ್ತದೆ, 90 ಇದ್ದದ್ದು 130ರ ಹತ್ತಿರ.

ಜನರೇಟರು ಜೋಡಿಸುವ ಅಗತ್ಯ ಇಲ್ಲ. ದಂಡದ ತಲೆಗೆ 10 ಸೆಂಮೀ ಅಗಲದ ಗಾಲಿ ಹಾಕಿ, ಅದಕ್ಕೆ ಹಗ್ಗ ಸುತ್ತಿ, ಎರಡು ತುದಿಗೂ ಸ್ಪ್ರಿಂಗ್ ತಕ್ಕಡಿ ಕಟ್ಟಿ. ಹಗ್ಗ ಬಿಗಿಮಾಡುತ್ತಾ ಹೋದಂತೆ ಸುತ್ತು ಇಳಿಯುತ್ತದೆ, ತಕ್ಕಡಿಗಳ ವ್ಯತ್ಯಾಸ ಏರುತ್ತದೆ. 130 ಸುತ್ತಿನಲ್ಲಿ ವ್ಯತ್ಯಾಸ 2.4 ಕೆಜಿ ಸಿಕ್ಕರೆ ಸುಮಾರು 16 ವಾಟ್, ದಕ್ಷತೆ ಶೇ. 35ರ ಹತ್ತಿರ, ನಕ್ಷೆ ಸರಿಯಾದ ದಾರಿಯಲ್ಲಿದೆ. ಒಂದು ಕೆಜಿಯ ಆಸುಪಾಸಿನಲ್ಲೇ ನಿಂತರೆ ಮೊದಲು ರೆಕ್ಕೆಯನ್ನು ಬದಲಿಸಲು ಹೋಗಬೇಡಿ. ಚಕ್ರವನ್ನು ಹೊರತೆಗೆದು ಬರೇ ನೀರು ಬಿಟ್ಟು ನೋಡಿ. ಗಾಳಿಕುಳಿ ಮೇಲಿನಿಂದ ತೂತಿನವರೆಗೆ ಬಿಡದೆ ನಿಂತಿದ್ದರೆ ದೋಷ ಚಕ್ರದ ಎತ್ತರದಲ್ಲೋ ರೆಕ್ಕೆಗಳ ಸಂಖ್ಯೆಯಲ್ಲೋ ಇದೆ; ಚಕ್ರವನ್ನು ಎರಡೆರಡು ಸೆಂಮೀ ಇಳಿಸುತ್ತಾ ಮತ್ತೆ ತೂಗಿ. ಕುಳಿ ನಡುವೆ ಕಡಿದು ಗುಳುಗುಳು ಎನ್ನುತ್ತಿದ್ದರೆ ದೋಷ ಕಾಲುವೆ ಸೇರುವ ಮೂಲೆಯಲ್ಲಿದೆ, ಅಥವಾ ಡ್ರಮ್ಮಿನ ಅಡಿಯಲ್ಲಿ ನೀರು ಹೊರಹೋಗಲು ಜಾಗ ಸಾಲದೆ ತೂತು ಮುಳುಗುತ್ತಿದೆ. ಡ್ರಮ್ಮನ್ನು ಎರಡು ಕಲ್ಲು ಎತ್ತರಿಸಿ ಕೂರಿಸಿದಾಗ ಗುಳುಗುಳು ನಿಂತರೆ ಒಂದನೇ ಹಾಳೆಗೆ ಹಿಂತಿರುಗಿ, ಕೆಳಗಿನ ನೀರಿನ ಮೂರು ಗೆರೆಗಳನ್ನು ಮತ್ತೊಮ್ಮೆ ಅಳೆಯಿರಿ.